ಸ್ಟೇಕ್, ವೈನ್ ಸಾಸ್‌ನೊಂದಿಗೆ

ದನದ ಮಾಂಸದ ದಪ್ಪ ತುಂಡನ್ನು ಕೆಂಡದ ಮೇಲೆ ಅಥವಾ ಬಾಣಲೆಯಲ್ಲಿ ಬೇಗ ಸುಟ್ಟು, ವೈನ್, ಸಣ್ಣ ಈರುಳ್ಳಿ ಮತ್ತು ಬೆಣ್ಣೆಯ ಸಾಸ್ ಹಾಕಿ ಬಡಿಸುವ ಫ್ರೆಂಚ್ ಮೂಲದ ಪಾಕ. ಬೋರ್ಡಲೇಸ್, ಬೆರ್ಸಿ, ಮಾರ್ಶಾಂ ದ ವ್ಯಾಂ, ಶಾತೊಬ್ರಿಯಾಂ ಎಂಬವು ಇದರ ಮುಖ್ಯ ಪ್ರಭೇದಗಳು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಇದು ಇಬ್ಬರೇ ಕುಳಿತು ಉಣ್ಣುವ ಪ್ರಣಯದ ರಾತ್ರಿಯೂಟಕ್ಕೆ ಗುರುತಾಗಿ ನಿಂತಿದೆ. ಹೋಟೆಲುಗಳ ಮೆನುಗಳೂ ಜನಪ್ರಿಯ ಅಡುಗೆ ಪುಸ್ತಕಗಳೂ ಇದನ್ನು ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರ ಪುರಾತನ ಊಟವೆಂದು ವರ್ಣಿಸುತ್ತವೆ. ಅಚ್ಚಾದ ಪಾಕಪುಸ್ತಕಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಓದಿದರೆ ಆ ವರ್ಣನೆ ನಿಲ್ಲುವುದಿಲ್ಲ. ಸುಟ್ಟ ಮಾಂಸ, ಕೆಂಪು ವೈನಿನ ಸಾಸ್, ಇಬ್ಬರ ಮೇಜು ಈ ಮೂರೂ ಬೇರೆಬೇರೆ ಕಾಲಗಳಲ್ಲಿ, ಬೇರೆಬೇರೆ ಕಾರಣಗಳಿಂದ ಹುಟ್ಟಿ ಕೊನೆಗೆ ಒಂದೇ ತಟ್ಟೆಗೆ ಬಂದಿವೆ.

ಫ್ರಾನ್ಸಿಗೆ ಸ್ಟೇಕ್ ಬಂದದ್ದು

ಮಾಂಸಕ್ಕೆ ವೈನ್ ಬೆರೆಸುವುದು ಯುರೋಪಿನಲ್ಲಿ ಬಹಳ ಹಳೆಯ ರೂಢಿ. ಮಧ್ಯಯುಗದ ಸಾಸುಗಳಲ್ಲಿ ವೈನ್, ಹುಳಿ ದ್ರಾಕ್ಷಿಯ ರಸ, ಮಸಾಲೆಗಳು ಇರುತ್ತಿದ್ದವು. ಮಂದವಾಗಲು ಬ್ರೆಡ್ ಸೇರಿಸುತ್ತಿದ್ದರು. 1651ರಲ್ಲಿ ಹೊರಬಂದ ಲಾ ವರೆನ್‌ನ ‘ಲ ಕ್ವೀಸಿನ್ಯೆ ಫ್ರಾಂಸ್ವಾ’ ಗ್ರಂಥದ ಕಾಲಕ್ಕೆ ಬ್ರೆಡ್ ಹಿಂದೆ ಸರಿದು ಹಿಟ್ಟು ಮತ್ತು ಬೆಣ್ಣೆ ಮುಂದೆ ಬಂದವು. ಅಲ್ಲಿಯವರೆಗಿನ ಕಥೆಯಲ್ಲಿ ವಿವಾದವಿಲ್ಲ.

ತಕರಾರು ಇರುವುದು ಸ್ಟೇಕಿನ ಆಗಮನದ ಬಗ್ಗೆ. ಕಾದಂಬರಿಕಾರ ಅಲೆಕ್ಸಾಂದ್ರ ದೂಮಾ, ತನ್ನ ಮರಣಾನಂತರ 1873ರಲ್ಲಿ ಪ್ರಕಟವಾದ ಪಾಕನಿಘಂಟಿನಲ್ಲಿ, 1815ರಲ್ಲಿ ನೆಪೋಲಿಯನ್ ಸೋತ ಬಳಿಕ ಪ್ಯಾರಿಸ್ಸಿನಲ್ಲಿ ಬೀಡುಬಿಟ್ಟ ಇಂಗ್ಲಿಷರು ಇದನ್ನು ತಂದರೆಂದು ಬರೆದ. ತಾನೇ ಕಣ್ಣಾರೆ ಕಂಡವನ ಧಾಟಿಯಲ್ಲಿ ಬರೆದದ್ದರಿಂದ ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಆದರೆ ಲಂಡನ್ನಿನಲ್ಲಿ ಕೆಲಸ ಮಾಡಿದ ಫ್ರೆಂಚ್ ಬಾಣಸಿಗ ವ್ಯಾಂಸಾಂ ಲಾ ಶಾಪೆಲ್ 1735ರಷ್ಟು ಹಿಂದೆಯೇ ತನ್ನ ಫ್ರೆಂಚ್ ಗ್ರಂಥದಲ್ಲಿ ಇಂಗ್ಲಿಷ್ ಮಾದರಿಯ ಸುಟ್ಟ ಮಾಂಸದ ತುಂಡನ್ನು ಹೆಸರಿಸಿದ್ದ. ಪ್ಯಾರಿಸ್ಸಿನ ರೆಸ್ಟೊರಂಟ್ ಮಾಲೀಕ ಆಂತ್ವಾನ್ ಬೊವಿಲ್ಯೆಯ ‘ಲಾರ್ ದ್ಯು ಕ್ವೀಸಿನ್ಯೆ’ ಅಚ್ಚಾದದ್ದು 1814ರಲ್ಲಿ. ಇಂಗ್ಲಿಷ್ ಪದ್ಧತಿಯ ಸ್ಟೇಕ್ ಅದರಲ್ಲೂ ಇದೆ. ವಾಟರ್‌ಲೂ ಕದನ ನಡೆದದ್ದು ಅದರ ಮರುವರ್ಷ. ಸೈನ್ಯ ತಂದದ್ದು ಹೊಸ ತಿಂಡಿಯನ್ನಲ್ಲ, ಅದಕ್ಕೆ ಹೊಸ ಗಿರಾಕಿಗಳನ್ನು ಎನ್ನುವುದೇ ದಾಖಲೆಗೆ ಹೊಂದುತ್ತದೆ.

ಬಿಳಿಯಿಂದ ಕೆಂಪಿಗೆ

ಇಂದು ‘ಬೋರ್ಡಲೇಸ್’ ಎಂದರೆ ಯಾವ ಬಾಣಸಿಗನ ಮನಸ್ಸಿಗೂ ಬರುವುದು ಕಡುಗೆಂಪು ಸಾಸ್. ಈ ಸಾಸಿನ ಹಳೆಯ ಮುಖ್ಯ ಪಾಕಗಳಲ್ಲಿ ಕೆಂಪು ವೈನ್ ಇಲ್ಲವೆಂಬುದು ಪಾಕ ಇತಿಹಾಸದಲ್ಲಿ ಅತಿ ಹೆಚ್ಚು ಮರೆತುಹೋದ ಸಂಗತಿಗಳಲ್ಲೊಂದು.

ಫ್ರೆಂಚ್ ಬಾಣಸಿಗ ಮಾರಿ ಆಂತ್ವಾನ್ ಕರೇಮ್ 1833ರಲ್ಲಿ ತೀರಿಕೊಂಡ. ಅದೇ ವರ್ಷದಿಂದ ಸಂಪುಟಗಳಾಗಿ ಹೊರಬಂದ ಅವನ ‘ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪಾಕಕಲೆ’ಯಲ್ಲಿ ಬೋರ್ಡಲೇಸ್ ಸಾಸ್‌ಗೆ ಬೆಳ್ಳುಳ್ಳಿ, ಟ್ಯಾರಗನ್ ಎಲೆ, ಬೀಜ ತೆಗೆದ ನಿಂಬೆಯ ತಿರುಳು, ಲವಂಗ, ಪ್ರೊವಾನ್ಸ್ ಸೀಮೆಯ ಆಲಿವ್ ಎಣ್ಣೆ ಮತ್ತು ಒಂದು ಲೋಟ ಸೊತೆರ್ನ್ ಹೇಳಿದೆ. ಸೊತೆರ್ನ್ ಎಂಬುದು ಬೋರ್ಡೋ ಸೀಮೆಯದೇ ಬಿಳಿ ವೈನ್. ಮೂಳೆಯ ಮಜ್ಜೆಯ ಸುಳಿವು ಆ ಪಾಕದಲ್ಲಿಲ್ಲ. ಜೂಲ್ ಗೂಫೆಯ ‘ಲ ಲೀವ್ರ್ ದ ಕ್ವೀಸಿನ್’ 1867ರಲ್ಲಿ ಬಂತು. ಅಷ್ಟರಲ್ಲಿ ಬೆಳ್ಳುಳ್ಳಿ ಹೋಗಿ ಶಾಲೆಟ್ ಎಂಬ ಸಣ್ಣ ಈರುಳ್ಳಿ ಬಂದಿತ್ತು, ಜಜ್ಜಿದ ಮೆಣಸು ಸೇರಿತ್ತು. ವೈನ್ ಮಾತ್ರ ಸೊತೆರ್ನೇ.

ಇಂದಿನ ಕಣ್ಣಿಗೆ ಇದು ವಿಚಿತ್ರವಾಗಿ ಕಂಡರೂ ಆ ಕಾಲಕ್ಕೆ ಸಹಜವೇ ಆಗಿತ್ತು. 1855ರಲ್ಲಿ ಬೋರ್ಡೋ ವೈನುಗಳಿಗೆ ಅಧಿಕೃತ ದರ್ಜೆ ಕೊಟ್ಟಾಗ ಎಲ್ಲಕ್ಕಿಂತ ಮೇಲಿನ ಪ್ರತ್ಯೇಕ ಸ್ಥಾನ ದಕ್ಕಿದ್ದು ಶಾತೊ ದಿಕೆಮ್ ಎಂಬ ಸೊತೆರ್ನಿಗೆ. ಊರಿನ ಹೆಸರು ಹೊತ್ತ ಸಾಸಿಗೆ ಊರಿನ ಹೆಮ್ಮೆಯ ವೈನನ್ನೇ ಬಾಣಸಿಗರು ಹಾಕಿದ್ದಾರೆ.

ಕೆಂಪು ಬಣ್ಣ ಗಟ್ಟಿಯಾದದ್ದು 1903ರಲ್ಲಿ, ಬಾಣಸಿಗ ಒಗ್ಯೂಸ್ತ್ ಎಸ್ಕೋಫಿಯೆಯ ‘ಲ ಗೀಡ್ ಕ್ಯುಲಿನೇರ್’ ಪ್ರಕಟವಾದಾಗ. ಸಣ್ಣಗೆ ಹೆಚ್ಚಿದ ಶಾಲೆಟ್, ಜಜ್ಜಿದ ಮೆಣಸು, ಥೈಮ್, ಬಿರಿಯಾನಿ ಎಲೆಯನ್ನು ಹೋಲುವ ಬೇ ಎಲೆ ಇವುಗಳೊಂದಿಗೆ ಕೆಂಪು ವೈನನ್ನು ನಾಲ್ಕನೇ ಒಂದು ಪಾಲಿಗೆ ಇಳಿಯುವಂತೆ ಬತ್ತಿಸಬೇಕು. ಎಲುಬಿನ ಸಾರಿನಿಂದ ಮಾಡಿದ ಕಂದು ಸಾಸ್ ಸೇರಿಸಿ ಕುದಿಸಿ ಸೋಸಬೇಕು. ಕೊನೆಗೆ ನಿಂಬೆರಸ ಹಿಂಡಿ, ಉಪ್ಪುನೀರಿನಲ್ಲಿ ಬೇಯಿಸಿದ ಮಜ್ಜೆಯ ತುಣುಕುಗಳನ್ನು ಹಾಕಬೇಕು. ಎಸ್ಕೋಫಿಯೆ ಹಳೆಯದನ್ನು ಕೈಬಿಡಲಿಲ್ಲ. ಬಿಳಿ ವೈನಿನ ಬೋರ್ಡಲೇಸನ್ನು ‘ಬೊನ್‌ಫ್ವಾ’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಉಳಿಸಿ, ಅದು ಸುಟ್ಟ ಮೀನಿಗೂ ಬಿಳಿ ಮಾಂಸಕ್ಕೂ ಸರಿ ಎಂದ. ಕೆಂಪನ್ನು ದನದ ಮಾಂಸಕ್ಕೆ ಕೊಟ್ಟ. ಬಣ್ಣಕ್ಕೆ ಬಣ್ಣ ಜೋಡಿಸುವ ಈ ವಿಂಗಡಣೆಯೇ ಪಾಕದ ಇತಿಹಾಸದ ನಿಜವಾದ ತಿರುವು. 1867 ಮತ್ತು 1903ರ ನಡುವಿನ ಒಂದು ತಲೆಮಾರಿನಲ್ಲಿ ಆದ ಬದಲಾವಣೆ ಎಷ್ಟು ಪೂರ್ಣವಾಯಿತೆಂದರೆ ಬೊನ್‌ಫ್ವಾ ಇಂದು ಪರಿಣತರ ನೆನಪಿನಲ್ಲಿ ಮಾತ್ರ ಉಳಿದಿದೆ.

ಎಸ್ಕೋಫಿಯೆ ದಾಖಲಿಸಿದ ಮಾರ್ಶಾಂ ದ ವ್ಯಾಂ ಇನ್ನೂ ಸರಳ. ಕೆಂಪು ವೈನ್ ಮತ್ತು ಶಾಲೆಟ್ ಬತ್ತಿಸಿ ಬೆಣ್ಣೆಗೆ ಕಲಸಿ, ಸುಟ್ಟ ಅಂತ್ರಕೋತ್ ಅಂದರೆ ಪಕ್ಕೆಲುಬಿನ ನಡುವಿನ ತುಂಡಿನ ಮೇಲೆ ಇಡುವುದು. ಬಿಳಿ ವೈನಿನ ಬೆರ್ಸಿಗೆ ಹೆಸರು ಬಂದದ್ದು ಸೆನ್ ನದಿಯ ದಂಡೆಯಲ್ಲಿದ್ದ ವೈನ್ ಸಗಟು ಮಾರುಕಟ್ಟೆಯಿಂದ. 1860ರವರೆಗೆ ಬೆರ್ಸಿ ಪ್ಯಾರಿಸ್ಸಿನ ಎಲ್ಲೆಯ ಹೊರಗಿತ್ತು. ನಗರದ ಸುಂಕ ತಾಗದ ಕಾರಣ ವೈನ್ ಅಲ್ಲಿ ಅಗ್ಗ, ಸುತ್ತಲಿನ ಊಟದ ಮನೆಗಳು ಸದಾ ತುಂಬಿರುತ್ತಿದ್ದವು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಂತೂ ಬೋರ್ಡಲೇಸ್ ಎಂಬ ಹೆಸರು ಬೆಳ್ಳುಳ್ಳಿ, ಬೆಣ್ಣೆ, ಪಾರ್ಸ್ಲಿಯ ಸಾಸಿಗೆ ಅಂಟಿಕೊಂಡಿದೆ. ಹೆಸರು ನೋಡಿ ಕೆಂಪು ಸಾಸ್ ನಿರೀಕ್ಷಿಸಿದವರಿಗೆ ಅಲ್ಲಿ ಸಿಗುವುದು ಬೇರೆಯದೇ.

ಪೀಪಾಯಿ ಕೆಲಸಗಾರರ ಇಲಿ

ಪುರಾತನತ್ವದ ವಾದಕ್ಕೆ ಆಧಾರವಾಗಿ ಮತ್ತೆ ಮತ್ತೆ ಎತ್ತುವುದು ಪ್ರಾಸ್ಪೆರ್ ಮೊಂತಾನ್ಯೆ 1938ರಲ್ಲಿ ಹೊರತಂದ ‘ಲಾರೂಸ್ ಗ್ಯಾಸ್ಟ್ರೊನೊಮೀಕ್’ ವಿಶ್ವಕೋಶದ ಒಂದು ನಮೂದನ್ನು. ಬೋರ್ಡೋ ಇರುವ ಜಿರೋಂದ್ ಪ್ರಾಂತ್ಯದ ವೈನ್ ಉಗ್ರಾಣಗಳಲ್ಲಿ ಬೆಳೆದ ಇಲಿಗಳೆಂದರೆ ಒಂದು ಕಾಲಕ್ಕೆ ಪೀಪಾಯಿ ಮಾಡುವವರಿಗೆ ಬಲು ಪ್ರೀತಿಯಿತ್ತಂತೆ. ಚರ್ಮ ಸುಲಿದು, ಎಣ್ಣೆ ಮತ್ತು ಜಜ್ಜಿದ ಶಾಲೆಟ್ ಸವರಿ, ಮುರಿದ ಪೀಪಾಯಿಗಳ ಬೆಂಕಿಯಲ್ಲಿ ಅವನ್ನು ಸುಡುತ್ತಿದ್ದರಂತೆ. ಬೋರ್ಡಲೇಸ್ ಅಂತ್ರಕೋತ್ ಹುಟ್ಟಿದ್ದು ಇದರಿಂದಲೇ ಎಂದು ಅನೇಕರು ಬರೆದಿದ್ದಾರೆ.

ಈ ನಮೂದು ಕರೇಮ್‌ನ ಅಚ್ಚಾದ ಪಾಕಕ್ಕಿಂತ ಒಂದು ಶತಮಾನ ಈಚಿನದು. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ವೈನ್ ಸಾಸೇ ಇಲ್ಲ. ವೈನಿನ ಸಂಬಂಧವೆಲ್ಲ ಸೌದೆಯಲ್ಲಿದೆ. ಬೋರ್ಡೋ ಸೀಮೆಯಲ್ಲಿ ಇಂದಿಗೂ ಉಳಿದಿರುವ ಮನೆಪದ್ಧತಿಯೂ ಇದನ್ನೇ ಹೇಳುತ್ತದೆ. ಚಳಿಗಾಲದಲ್ಲಿ ಬಳ್ಳಿ ಸವರಿದಾಗ ಸಿಗುವ ಒಣ ಕಡ್ಡಿಗಳ ಚುರುಕು ಕೆಂಡದಲ್ಲಿ ಮಾಂಸ ಸುಟ್ಟು, ಮೇಲೆ ಹಸಿ ಶಾಲೆಟ್ ಮತ್ತು ಮಜ್ಜೆ ಹರಡುತ್ತಾರೆ. ಮಾಂಸಕ್ಕೂ ಆ ಸೀಮೆಯಲ್ಲಿ ಹಳೆಯ ಗೌರವವಿದೆ: ಬಜಾಸ್ ಪಟ್ಟಣದ ಕೊಬ್ಬಿದ ಎತ್ತುಗಳ ಮೆರವಣಿಗೆಯ ಹಬ್ಬ 1283ರಷ್ಟು ಹಿಂದಿನದು. ಕೆಂಡ ಬೋರ್ಡೋದ್ದು, ಸಾಸ್ ಪ್ಯಾರಿಸ್ಸಿನ ವೃತ್ತಿಪರ ಅಡುಗೆಮನೆಯದು ಎಂದು ಎರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಗೊಂದಲ ಕರಗುತ್ತದೆ.

ಇಬ್ಬರ ಮೇಜು

ಪ್ರಣಯದ ಊಟಕ್ಕೆ ಮೊದಲು ಬೇಕಾದದ್ದು ಇಬ್ಬರೇ ಕೂರುವ ಮೇಜು. ಹಳೆಯ ಪ್ಯಾರಿಸ್ಸಿನ ಊಟದ ಮನೆಗಳಲ್ಲಿ ಎಲ್ಲರಿಗೂ ಒಂದೇ ಉದ್ದ ಮೇಜು, ಒಂದೇ ಹೊತ್ತು, ಇದ್ದದ್ದೇ ಊಟ. ಬೇರೆ ಮೇಜು, ಬೇಕಾದ ಹೊತ್ತು, ಆರಿಸಿಕೊಳ್ಳುವ ಪಟ್ಟಿ ಇವು ರೆಸ್ಟೊರಂಟಿನ ಕೊಡುಗೆ. ಬುಲಾಂಜೆ ಎಂಬ ಸೂಪು ಮಾರುವವನು 1765ರಲ್ಲಿ ಮೊಕದ್ದಮೆ ಗೆದ್ದು ಮೊದಲ ರೆಸ್ಟೊರಂಟ್ ತೆರೆದನೆಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಇತಿಹಾಸಕಾರ್ತಿ ರೆಬೆಕಾ ಸ್ಪ್ಯಾಂಗ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮೊಕದ್ದಮೆಗೆ ದಾಖಲೆಯ ಆಧಾರವಿಲ್ಲವೆಂದು ತೋರಿಸಿ, 1766ರ ಸುಮಾರಿನಲ್ಲಿ ವ್ಯಾಪಾರ ಆರಂಭಿಸಿದ ಮಥ್ಯುರ್ಯಾಂ ರೋಜ್ ದ ಶಾಂತ್ವಾಜೊನತ್ತ ಬೊಟ್ಟು ಮಾಡಿದರು.

ಹತ್ತೊಂಬತ್ತನೆಯ ಶತಮಾನದ ದೊಡ್ಡ ರೆಸ್ಟೊರಂಟುಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಪುಟ್ಟ ಕೋಣೆಗಳಿದ್ದವು. ಪ್ರೇಮಿಗಳ ಭೇಟಿಗೆ ಅವು ಹೆಸರುವಾಸಿ, ಅಪವಾದಕ್ಕೂ ಅಷ್ಟೇ. ಅಲ್ಲಿ ಬಡಿಸುತ್ತಿದ್ದದ್ದು ಸ್ಟೇಕ್ ಅಲ್ಲ. ಮೊಪಾಸಾನ 1885ರ ಕಾದಂಬರಿ ‘ಬೆಲ್ ಆಮಿ’ಯಲ್ಲಿ ಕಾಫೆ ರೀಶ್‌ನ ಖಾಸಗಿ ಕೋಣೆಯ ಊಟ ವಿವರವಾಗಿ ಬರುತ್ತದೆ. ಸಿಂಪಿ, ಟ್ರೌಟ್ ಮೀನು, ಶತಾವರಿಯ ಮೇಲಿಟ್ಟ ಕುರಿಮರಿಯ ಮಾಂಸ, ಕೌಜುಗ ಎಲ್ಲವೂ ಇವೆ, ದನದ ಮಾಂಸದ ತುಂಡಿಲ್ಲ. ಆ ಕಾಲದ ಸರಸಕ್ಕೆ ಸ್ಟೇಕ್ ತೀರಾ ಒರಟಾಗಿತ್ತು.

ಇದಕ್ಕೆ ಅಪವಾದ ಶಾತೊಬ್ರಿಯಾಂ. ಬೆನ್ನಿನ ಒಳಭಾಗದ ಮೆತ್ತನೆಯ ಮಾಂಸದ ನಡುವಿನಿಂದ ಕೊಯ್ದ ಈ ದಪ್ಪ ತುಂಡು ಒಬ್ಬರಿಗೆ ಹೆಚ್ಚು. ಸಾಮಾನ್ಯವಾಗಿ ಇಬ್ಬರಿಗೆಂದೇ ಬಡಿಸುತ್ತಾರೆ. ಹಳೆಯ ಸಾಸಿನಲ್ಲಿ ಬಿಳಿ ವೈನ್, ಶಾಲೆಟ್, ಟ್ಯಾರಗನ್ ಇರುತ್ತವೆ. 1822ರಲ್ಲಿ ಲಂಡನ್ನಿನಲ್ಲಿ ಫ್ರೆಂಚ್ ರಾಯಭಾರಿಯಾಗಿದ್ದ ಸಾಹಿತಿ ಶಾತೊಬ್ರಿಯಾಂನ ಬಾಣಸಿಗ ಮೊಂಮಿರೈ ಇದನ್ನು ರೂಪಿಸಿದನೆಂಬುದು ಒಂದು ಹೇಳಿಕೆ. ಅದೇ ಲೇಖಕನ 1811ರ ಜೆರೂಸಲೇಮ್ ಪ್ರವಾಸಕಥನ ಹೊರಬಂದಾಗ ಪ್ಯಾರಿಸ್ಸಿನ ಶಾಂಪೊ ರೆಸ್ಟೊರಂಟಿನಲ್ಲಿ ಹುಟ್ಟಿತೆಂಬುದು ಬಾಣಸಿಗ ಪೆಲಾಪ್ರಾನ ಹೇಳಿಕೆ. ದನಗಳಿಗೆ ಹೆಸರಾದ ಶಾತೊಬ್ರಿಯಾಂ ಪಟ್ಟಣದಿಂದ ಹೆಸರು ಬಂತೆನ್ನುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಒಂದೇ ತುಂಡನ್ನು ಇಬ್ಬರು ಹಂಚಿಕೊಳ್ಳುವ ರೂಢಿಗೆ ದಾರಿ ಮಾಡಿದ್ದು ಈ ಪಾಕವೇ.

ಬಾಗಿಲು ತೆರೆದ ಕೋಣೆಯಲ್ಲೂ ಹೆಣ್ಣುಗಂಡು ಜತೆಯಾಗಿ ಮರ್ಯಾದೆಯಿಂದ ಉಣ್ಣಬಹುದೆಂಬ ವಾತಾವರಣ ಕಟ್ಟಿದವರು ಹೋಟೆಲಿಗ ಸೇಸರ್ ರಿಟ್ಜ್ ಮತ್ತು ಎಸ್ಕೋಫಿಯೆ. ಇಬ್ಬರೂ 1890ರ ಸುಮಾರಿಗೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಜತೆಗೂಡಿದರು. 1898ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಹೋಟೆಲು ತೆರೆಯುವಾಗ ರಿಟ್ಜ್, ಹೆಂಗಸರ ಮುಖಕ್ಕೆ ಒಪ್ಪುವ ದೀಪದ ಬಣ್ಣವನ್ನು ಹೆಂಡತಿಯ ಮೇಲೆ ಪರೀಕ್ಷಿಸಿ ಏಪ್ರಿಕಾಟ್ ಛಾಯೆಯ ಗುಲಾಬಿಯನ್ನು ಆರಿಸಿದ. ರೆಸ್ಟೊರಂಟಿನ ಮಂದ ಬೆಳಕಿನ ಹಿಂದೆ ಇಂಥ ಎಚ್ಚರದ ಯೋಜನೆಯಿದೆ.

ಮನೆಯ ಬಾಣಲೆಗೆ

ಎಸ್ಕೋಫಿಯೆಯ ಸಾಸಿಗೆ ಗಂಟೆಗಟ್ಟಲೆ ಕುದಿದ ಎಲುಬಿನ ಸಾರು ಬೇಕು, ಅದನ್ನು ಕಾಯಲು ಆಳುಗಳು ಬೇಕು. ಇಬ್ಬರಿಗಾಗಿ ಮನೆಯಲ್ಲಿ ಅಷ್ಟು ಮಾಡಲು ಯಾರಿಂದಲೂ ಆಗದು. ಜೂಲಿಯಾ ಚೈಲ್ಡ್, ಸಿಮೋನ್ ಬೆಕ್, ಲೂಯಿಸೆತ್ ಬೆರ್ತೋಲ್ ಅವರ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ 1961ರಲ್ಲಿ ಅಮೆರಿಕದ ಮನೆಗಳಿಗೆ ತಲುಪಿಸಿದ್ದು ಫ್ರೆಂಚ್ ಮನೆವಾಳ್ತೆಯ ಸುಲಭ ದಾರಿ. ಬೆಣ್ಣೆ ಎಣ್ಣೆಯಲ್ಲಿ ಸ್ಟೇಕ್ ಹುರಿದು ತೆಗೆದಿಡುವುದು. ಜಿಡ್ಡು ಬಸಿದು ಅದೇ ಬಾಣಲೆಗೆ ಶಾಲೆಟ್, ಆಮೇಲೆ ವೈನ್ ಸುರಿದು, ತಳಕ್ಕೆ ಹತ್ತಿದ್ದನ್ನು ಕೆರೆದು ಪಾಕದ ಹದಕ್ಕೆ ಬತ್ತಿಸುವುದು. ಉರಿಯಿಂದ ಇಳಿಸಿ ಬೆಣ್ಣೆ ಕದಡುವುದು. ಕೆಂಪು ವೈನಾದರೆ ಮಾರ್ಶಾಂ ದ ವ್ಯಾಂ, ಬಿಳಿಯಾದರೆ ಬೆರ್ಸಿ. ಮನೆಯ ಬಾಣಲೆಯಲ್ಲಿ ಸಲೀಸಾಗಿ ಹಿಡಿಸುವುದು ಎರಡೇ ತುಂಡು, ಸಾಸ್ ಆಗುವುದೂ ಎರಡು ತಟ್ಟೆಗೆ ಸಾಕಾಗುವಷ್ಟೇ. ಇಬ್ಬರ ಊಟಕ್ಕೆ ಈ ಪಾಕ ಅಂಟಿಕೊಳ್ಳಲು ಮೇಣದಬತ್ತಿಗಿಂತ ಈ ಅಳತೆಯೇ ದೊಡ್ಡ ಕಾರಣ. 1963ರಿಂದ ಚೈಲ್ಡ್ ಅವರ ದೂರದರ್ಶನ ಕಾರ್ಯಕ್ರಮವೂ ಅದಕ್ಕೆ ಬಲ ಕೊಟ್ಟಿತು.

ವಿಜ್ಞಾನದ ವಿವರಣೆಯೂ ಈ ಅವಧಿಯಲ್ಲೇ ತಿದ್ದಲ್ಪಟ್ಟಿತು. ಮಾಂಸವನ್ನು ಜೋರು ಉರಿಯಲ್ಲಿ ಸುಟ್ಟರೆ ರಸ ಒಳಗೇ ಉಳಿಯುತ್ತದೆಂದು ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ 1847ರಲ್ಲಿ ಹೇಳಿದ್ದ, ಎಸ್ಕೋಫಿಯೆಯೂ ನಂಬಿದ್ದ. ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ 1984ರ ತಮ್ಮ ಗ್ರಂಥದಲ್ಲಿ ಇದು ತಪ್ಪೆಂದು ವಿವರಿಸಿದರು. ಸುಡುವುದರಿಂದ ಬರುವುದು ರುಚಿ: 1912ರಲ್ಲಿ ಲೂಯಿ ಕಮೀಲ್ ಮೈಯಾರ್ ವರ್ಣಿಸಿದ, ಅಮೈನೊ ಆಮ್ಲ ಮತ್ತು ಸಕ್ಕರೆಗಳ ನಡುವಿನ ಕ್ರಿಯೆಯ ಫಲ. ತಳದಲ್ಲಿ ಹತ್ತಿದ ಕಂದು ಪದರವೂ ಅದೇ. ವೈನ್ ಅದನ್ನು ಬಿಡಿಸಿ ಕರಗಿಸಿಕೊಳ್ಳುತ್ತದೆ.

1973ರಲ್ಲಿ ವಿಮರ್ಶಕರಾದ ಆಂರಿ ಗೋ ಮತ್ತು ಕ್ರಿಸ್ತಿಯಾನ್ ಮಿಯೊ ಸಾರಿದ ಹೊಸ ಪಾಕಪಂಥವು ಹಿಟ್ಟು ಹಾಕಿದ ಭಾರದ ಸಾಸುಗಳನ್ನು ತಿರಸ್ಕರಿಸಿತು. ಆಮೇಲೆ ವೃತ್ತಿಪರರೂ ಬತ್ತಿಸಿದ ವೈನಿಗೆ ಬೆಣ್ಣೆ ಕದಡುವ ಕ್ರಮಕ್ಕೆ ಹೊರಳಿದರು. ಕುದಿಸಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆಂಬ ನಂಬಿಕೆಯನ್ನು 1992ರಲ್ಲಿ ಅಮೆರಿಕದ ಸಂಶೋಧಕರು ಅಳೆದು ನೋಡಿದರು. ಹದಿನೈದು ನಿಮಿಷ ಕುದಿಸಿದಾಗ ಸುಮಾರು ಶೇಕಡ 40 ಉಳಿದಿತ್ತು, ಬೆಂಕಿ ಹಚ್ಚಿ ಉರಿಸಿದಾಗ ಶೇಕಡ 75. ಮದ್ಯ ಮುಟ್ಟದವರಿಗೆ ಬಡಿಸುವಾಗ ಈ ಅಂಕಿಗಳು ನೆನಪಿರಬೇಕು.

ಕರ್ನಾಟಕದಲ್ಲಿ ಈ ಪಾಕದ ವೈನ್ ಮತ್ತು ಸ್ಟೇಕ್ ಎಂಬ ಎರಡು ಎಳೆಗಳೂ ಕಾಣುತ್ತವೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟಕ್ಕೆ 1990ರ ದಶಕದಿಂದ ಸಲಹೆಗಾರರಾಗಿ ಬಂದವರು ಬೋರ್ಡೋ ಸೀಮೆಯವರೇ ಆದ ಮಿಶೆಲ್ ರೋಲಾಂ. ಬೆಂಗಳೂರಿನ ಮ್ಯೂಸಿಯಂ ರಸ್ತೆಯ ‘ದಿ ಓನ್ಲಿ ಪ್ಲೇಸ್’ನಂಥ ಹೋಟೆಲುಗಳು ಹಲವು ದಶಕಗಳಿಂದ ಸ್ಟೇಕ್ ಬಡಿಸುತ್ತ ಬಂದಿವೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು, ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಹೊರತುಪಡಿಸಿ ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದೆ. ಹೀಗಾಗಿ ಇಲ್ಲಿ ಸ್ಟೇಕಿಗೆ ಸಿಗುವುದು ಎಮ್ಮೆಯ ಮಾಂಸ. ಕಸಾಯಿ ಅಂಗಡಿಯಲ್ಲಿ ಅಂಡರ್‌ಕಟ್ ಎಂದು ಕೇಳಿದರೆ ಕೊಡುವ, ಕೊಬ್ಬು ಕಡಿಮೆಯಿರುವ ಈ ತುಂಡು ಬೇಗ ಒಣಗುತ್ತದೆ. ಬೆಣ್ಣೆ ಹೆಚ್ಚಿರುವ ಬೆರ್ಸಿ, ಮಾರ್ಶಾಂ ದ ವ್ಯಾಂ ಸಾಸುಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ.