ಚಿನ್ನದ ಗಣಿಯಿಂದ ಹಿತ್ತಲ ಕೊಳದವರೆಗೆ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಸಾಗಿ ಕೋಲಾರ ಚಿನ್ನದ ಗಣಿಗಳನ್ನು ತಲುಪಿದ್ದು 1902ರ ಜೂನ್ 30ರಂದು. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದಾಗ ರೂಪುಗೊಂಡ ಈ ಯೋಜನೆಯ ಹಿಂದಿದ್ದ ಎಂಜಿನಿಯರ್ ಎ.ಜೆ. ಡಿ ಲಾಟ್‌ಬಿನಿಯೆರ್. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ; ಗಣಿಗೆ ಅದು ಮೂರು ವರ್ಷ ಮೊದಲೇ ದೊರೆತಿತ್ತು. ಅಲ್ಲಿಯವರೆಗೆ ಉಗಿಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ ಮೋಟಾರುಗಳು ವಹಿಸಿಕೊಳ್ಳತೊಡಗಿದವು.

ಗಣಿಯಲ್ಲಿ ವಿದ್ಯುತ್ತನ್ನು ಬಳಸುವುದು ಸುಲಭದ ಮಾತಲ್ಲ. ಒದ್ದೆ ನೆಲ, ಬೆವರಿದ ಮೈ, ಎತ್ತ ನೋಡಿದರೂ ಕಬ್ಬಿಣದ ಹಳಿ, ಕೊಳವೆ, ತಂತಿಹಗ್ಗ. ಪಂಪಿನ ತಂತಿಯ ಹೊದಿಕೆ ಕೆಟ್ಟರೆ ಅದರ ಲೋಹದ ಮೈಗೆ ವಿದ್ಯುತ್ತು ಹರಿಯುತ್ತದೆ. ಒಂದು ಕೈ ಪಂಪಿನ ಮೇಲೆ, ಇನ್ನೊಂದು ಕೊಳವೆಯ ಮೇಲೆ ಇದ್ದರೆ ಏನಾಗುತ್ತದೆ? ಇಲ್ಲಿ ಗಮನಿಸಬೇಕಾದ ತತ್ತ್ವವಿದು: ಆಘಾತಕ್ಕೆ ಕಾರಣ ಒಂದು ಬಿಂದುವಿನ ವಿಭವವಲ್ಲ, ಎರಡು ಬಿಂದುಗಳ ನಡುವಿನ ವಿಭವಾಂತರ. ತಂತಿಯ ಮೇಲೆ ಕುಳಿತ ಹಕ್ಕಿ ಬದುಕುಳಿಯುವುದೂ ಇದರಿಂದಲೇ. ಕೈಗೆಟುಕುವ ಎಲ್ಲ ಲೋಹಭಾಗಗಳನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿದರೆ ಅವುಗಳ ನಡುವೆ ಅಪಾಯಕಾರಿ ವಿಭವಾಂತರ ಉಂಟಾಗದು. ಇದೇ ಬಾಂಡಿಂಗ್ ಅಥವಾ ಸಮವಿಭವ ಬಂಧನ.

ಅರ್ತಿಂಗ್, ಅಂದರೆ ಭೂಸಂಪರ್ಕ, ಬೇರೆಯೇ ವಿಷಯ. ಲೋಹದ ಮೈಯನ್ನು ನೆಲಕ್ಕೆ ಜೋಡಿಸಿದರೆ ಸಾಕು, ಫ್ಯೂಸ್ ಹಾರುತ್ತದೆ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಮಾಡಿ ನೋಡೋಣ. ಕೋಲಾರ, ಬಂಗಾರಪೇಟೆಗಳಂಥ ಕಲ್ಲುನೆಲದಲ್ಲಿ, ಒಣಗಿದ ಮಣ್ಣಿನಲ್ಲಿ, ಭೂಸಂಪರ್ಕದ ರೋಧ ಹೆಚ್ಚು. ಅದು 20 ಓಮ್ ಎಂದಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಕಡೆಯ ರೋಧವನ್ನು ಬಿಟ್ಟುಬಿಡೋಣ. 230 ವೋಲ್ಟಿಗೆ ಹರಿಯುವ ಪ್ರವಾಹ 11.5 ಆಂಪೇರ್. 16 ಆಂಪೇರಿನ ಎಂಸಿಬಿ ಇದಕ್ಕೆ ಕದಲುವುದಿಲ್ಲ. ಯಂತ್ರದ ಮೈ 230 ವೋಲ್ಟಿನಷ್ಟು ವಿಭವದಲ್ಲೇ ಉಳಿಯುತ್ತದೆ. ಒದ್ದೆ ದೇಹದ ರೋಧ ಸುಮಾರು 1,000 ಓಮ್ ಆದರೆ ಅದರ ಮೂಲಕ 230 ಮಿಲಿಆಂಪೇರ್ ಹರಿಯಬಲ್ಲದು. ಹೃದಯದ ಲಯ ಕೆಡಲು ಇದಕ್ಕಿಂತ ಕಡಿಮೆ ಸಾಕು.

ಈ ಕೊರತೆಗೆ ಉತ್ತರ ದೊರೆತದ್ದೂ ಚಿನ್ನದ ಗಣಿಗಳ ನಾಡಿನಲ್ಲೇ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಹೆನ್ರಿ ರೂಬಿನ್ ಗಣಿಗಳಿಗಾಗಿ ಸೋರಿಕೆ ಪತ್ತೆಹಚ್ಚುವ ಸಾಧನವೊಂದನ್ನು ರೂಪಿಸಿದರು. ಅನಂತರ ಹೆಚ್ಚು ಸೂಕ್ಷ್ಮವಾದುವು ಮನೆಗಳಿಗೂ ಬಂದವು. ಹೋದ ಪ್ರವಾಹ ಮರಳಿ ಬರುವುದಕ್ಕಿಂತ ಹೆಚ್ಚಾದರೆ ಇಂಥ ಸಾಧನ ಮಂಡಲವನ್ನು ಕಡಿಯುತ್ತದೆ. ಅಮೆರಿಕದ ಚಾರ್ಲ್ಸ್ ಡಾಲ್‌ಜಿಯಲ್ ಮಾನವದೇಹ ತಾಳಬಲ್ಲ ಪ್ರವಾಹವನ್ನು ಅಳೆದು, 1961ರಲ್ಲಿ ಇದರ ಟ್ರಾನ್ಸಿಸ್ಟರ್ ರೂಪವನ್ನು ತಯಾರಿಸಿದರು. 1968ರ ಅಮೆರಿಕದ ವಿದ್ಯುತ್ ಸಂಹಿತೆ ಇದನ್ನು ಬಯಸಿದ್ದು ಈಜುಕೊಳದ ನೀರೊಳಗಿನ ದೀಪಗಳಿಗೆ.

ಇಂದು ಹಿತ್ತಲಲ್ಲಿ ಬೇಸಿಗೆಗೆಂದು ಇರಿಸುವ ಪುಟ್ಟ ಕೊಳ ಗಣಿಯ ಸಣ್ಣ ಪ್ರತಿರೂಪವೇ: ಲವಣ ಬೆರೆತ ನೀರು, ಉಕ್ಕಿನ ಚೌಕಟ್ಟು, ಏಣಿ, ಪಂಪು, ಬರಿಗಾಲಿನ ಮಕ್ಕಳು. ಚೌಕಟ್ಟು, ಏಣಿ, ಪಂಪಿನ ಲೋಹಭಾಗಗಳನ್ನು ಪರಸ್ಪರ ಜೋಡಿಸಬೇಕು. ಸುತ್ತಲ ಕಾಂಕ್ರೀಟಿನೊಳಗಿನ ಕಂಬಿಗಳೂ ಈ ಬಂಧನಕ್ಕೆ ಸೇರಬೇಕು. ಇಲ್ಲವಾದರೆ ಅಪಾಯ ಕೊಳದ ಅಂಚಿನಲ್ಲೇ ಕಾದಿರುತ್ತದೆ. ಪಂಪಿನ ಮಂಡಲಕ್ಕೆ 30 ಮಿಲಿಆಂಪೇರಿನ ಆರ್‌ಸಿಸಿಬಿ ಇರಲಿ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಎಕ್ಸ್‌ಟೆನ್ಷನ್ ಬೋರ್ಡು ನೀರಿನ ಬಳಿ ಸುಳಿಯಬಾರದು. ಮಕ್ಕಳು ನೀರಿಗಿಳಿಯುವ ಮುನ್ನ ಪಂಪಿನ ಪ್ಲಗ್ಗನ್ನೇ ಕಿತ್ತಿಡುವುದು ಎಲ್ಲಕ್ಕಿಂತ ಸುರಕ್ಷಿತ. ಈ ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಮನೆಯ ಸಂಪಿನ ಪಂಪಿಗೂ ಆರ್‌ಸಿಸಿಬಿ ಅಷ್ಟೇ ಅಗತ್ಯ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಓಮನ ನಿಯಮ ಕಲಿಸುವ ಅಧ್ಯಾಪಕರು ಮೇಲಿನ ಲೆಕ್ಕವನ್ನು 5, 20 ಮತ್ತು 100 ಓಮ್‌ಗಳಿಗೆ ವಿದ್ಯಾರ್ಥಿಗಳಿಂದ ಮಾಡಿಸಲಿ. ಬಳಿಕ ಅವರವರ ಮನೆಯ ಸ್ವಿಚ್‌ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದು ನೋಡಿ ಬರಲು ಹೇಳಲಿ.