ಅಲಿಗೇಟರ್ ಬೇಟೆಯ ನೈತಿಕತೆ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ರಾಜ್ಯಗಳಲ್ಲಿ ಅಲಿಗೇಟರ್ ಬೇಟೆಯು ಪರವಾನಗಿಯ ಮೇರೆಗೆ ನಡೆಯುತ್ತದೆ. ಅಲಿಗೇಟರ್ ಮೊಸಳೆಯನ್ನು ಹೋಲುವ, ಆದರೆ ಭಾರತದ ಮಗ್ಗರ್ ಮೊಸಳೆಗಿಂತ ಭಿನ್ನ ಕುಟುಂಬಕ್ಕೆ ಸೇರಿದ ಸರೀಸೃಪ.

ಹಿನ್ನೆಲೆ

ಚರ್ಮಕ್ಕಾಗಿ ನಡೆದ ಮಿತಿಮೀರಿದ ಬೇಟೆಯಿಂದ ಇದರ ಸಂತತಿ ಕ್ಷೀಣಿಸಿತು. 1967ರಲ್ಲಿ ಇದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. 1987ರಲ್ಲಿ ಪೂರ್ಣವಾಗಿ ಚೇತರಿಸಿಕೊಂಡಿದೆಯೆಂದು ಘೋಷಿಸಲಾಯಿತು. ಲೂಯಿಸಿಯಾನದಲ್ಲಿ 1972ರಲ್ಲಿ, ಫ್ಲಾರಿಡಾದಲ್ಲಿ 1988ರಲ್ಲಿ ನಿಯಂತ್ರಿತ ಬೇಟೆ ಆರಂಭವಾಯಿತು. ಫ್ಲಾರಿಡಾದಲ್ಲಿ ಈಗ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆಯೆಂದು ಅಂದಾಜಿಸಲಾಗಿದೆ.

ಸಮರ್ಥನೆ

ಲೂಯಿಸಿಯಾನದ ಜೌಗುನೆಲದ ಬಹುಭಾಗ ಖಾಸಗಿಯವರದು. ಚರ್ಮ, ಮಾಂಸ ಹಾಗೂ ಮೊಟ್ಟೆಗಳಿಂದ ಆದಾಯ ದೊರೆಯುವುದರಿಂದ ಭೂಮಾಲೀಕರು ಆ ನೆಲವನ್ನು ಬತ್ತಿಸದೆ ಉಳಿಸಿಕೊಳ್ಳುತ್ತಾರೆ ಎಂಬುದು ಸಮರ್ಥಕರ ಮುಖ್ಯ ವಾದ.

ಆಕ್ಷೇಪ

ಹತ್ತು ಅಡಿಗಿಂತ ಉದ್ದವಾದವು ಬಹುತೇಕ ಗಂಡುಗಳು. ಇವು ಸಣ್ಣ ಅಲಿಗೇಟರ್‌ಗಳನ್ನು ತಿಂದು ಸಂತತಿಯನ್ನು ತಾವೇ ಹತೋಟಿಯಲ್ಲಿಡುತ್ತವೆ. ಮೊಟ್ಟೆಯಿಡುವುದು ಹೆಣ್ಣಾದ್ದರಿಂದ, ದೈತ್ಯ ಗಂಡುಗಳನ್ನು ಹೆಮ್ಮೆಯ ಗುರುತಿಗಾಗಿ ಕೊಲ್ಲುವುದನ್ನು ಸಂಖ್ಯಾ ನಿಯಂತ್ರಣವೆಂದು ಕರೆಯುವುದು ಸರಿಯಲ್ಲವೆಂದು ವಿರೋಧಿಗಳು ವಾದಿಸುತ್ತಾರೆ. ಈಟಿ, ಕೊಕ್ಕೆಗಳಿಂದ ಹಿಡಿಯುವಾಗ ಪ್ರಾಣಿಗೆ ಆಗುವ ಯಾತನೆಯೂ ಚರ್ಚೆಯ ವಿಷಯ.

ಮಾನವ ಹೊಣೆ

ಜನರು ಆಹಾರ ಹಾಕಿದರೆ ಅಲಿಗೇಟರ್ ಮನುಷ್ಯರ ಭಯವನ್ನು ಕಳೆದುಕೊಳ್ಳುತ್ತದೆ; ಆದ್ದರಿಂದ ಫ್ಲಾರಿಡಾದಲ್ಲಿ ಹಾಗೆ ಮಾಡುವುದು ಅಪರಾಧ. ಅಲ್ಲಿ ಅಪಾಯಕಾರಿಯೆನಿಸಿ ಹಿಡಿಯಲ್ಪಟ್ಟವನ್ನು ಸಾಮಾನ್ಯವಾಗಿ ಬೇರೆಡೆ ಬಿಡದೆ ಕೊಲ್ಲಲಾಗುತ್ತದೆ, ಏಕೆಂದರೆ ಸ್ಥಳಾಂತರಿಸಿದವು ಹಿಂದಿರುಗಲು ಯತ್ನಿಸುತ್ತವೆ. ಹೀಗೆ ಮನುಷ್ಯನ ಅಜಾಗರೂಕತೆಗೆ ಪ್ರಾಣಿಯು ಜೀವ ತೆರುವುದುಂಟು. ಸುರಕ್ಷತೆಗಾಗಿ ನಡೆಯುವ ಕೊಲೆ, ಜೀವನೋಪಾಯದ ಬೇಟೆ ಮತ್ತು ಮೋಜಿನ ಬೇಟೆಗಳನ್ನು ಆದಕಾರಣ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.