ಬಾದಾಮಿಯ ಬಂಡೆಯ ಬರಹಗಳು

ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆಯಿರುವುದು. ಅದರ ಪಶ್ಚಿಮಕ್ಕೆ ಊರು. ಪೂರ್ವದ ದಡದಲ್ಲಿ ಭೂತನಾಥನ ಗುಡಿಗಳು. ದಕ್ಷಿಣದ ಗುಡ್ಡದಲ್ಲಿ ಗುಹಾಲಯಗಳು. ಉತ್ತರದ ಗುಡ್ಡದ ಮೇಲೆ ಶಿವಾಲಯಗಳು. ಇದೇ ಬಾದಾಮಿ, ಚಾಲುಕ್ಯರ ವಾತಾಪಿ. ಅಗಸ್ತ್ಯಮುನಿಯು ವಾತಾಪಿಯೆಂಬ ಅಸುರನನ್ನು ಜೀರ್ಣಿಸಿಕೊಂಡನೆಂಬ ಪುರಾಣಕಥೆಯು ಊರಿನ ಹಳೆಯ ಹೆಸರಿಗೂ ಕೆರೆಯ ಹೆಸರಿಗೂ ಸಂಬಂಧಪಟ್ಟುದು. ಇಲ್ಲಿಗೆ ಬರುವ ಯಾತ್ರಿಕರಲ್ಲಿ ಅನೇಕರು ಗುಹೆಗಳ ಶಿಲ್ಪವನ್ನು ಕಂಡು ಸಂತೋಷಪಟ್ಟು ಹಿಂದಿರುಗುವರು. ಆದರೆ ಕೆರೆಯ ಸುತ್ತಣ ಬಂಡೆಗಳ ಮೇಲಿನ ಬರಹಗಳನ್ನು ಕಾಲಕ್ರಮದಿಂದ ನೋಡಿದವನಿಗೆ ರಾಜ್ಯಗಳ ಏಳುಬೀಳುಗಳ ಒಂದು ಚರಿತ್ರೆಯೇ ತೋರುವುದು.

ಅವುಗಳಲ್ಲಿ ಮೊದಲನೆಯದು ಉತ್ತರದ ಗುಡ್ಡದ ಕಡೆಯ ಬಂಡೆಯ ಮೇಲಿದೆ. ಅದರ ಕಾಲ ಶಕವರ್ಷ ೪೬೫, ಎಂದರೆ ಕ್ರಿ. ಶ. ೫೪೩. ಅಶ್ವಮೇಧವನ್ನು ಮಾಡಿದ ಚಾಲುಕ್ಯ ವಲ್ಲಭೇಶ್ವರನು, ಅಂದರೆ ಒಂದನೆಯ ಪುಲಕೇಶಿಯು, ಈ ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಜಯಿಸಲಾಗದ ದುರ್ಗವನ್ನಾಗಿ ಮಾಡಿದನೆಂದು ಅದು ಸಾರುವುದು. ಹೊಸದಾಗಿ ತಲೆಯೆತ್ತಿದ ಅರಸುಮನೆತನದ ಧೈರ್ಯದ ನುಡಿಯಿದು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಬತ್ತದ ನೀರು. ದುರ್ಗಕ್ಕೆ ಬೇಕಾದುದು ಎರಡೂ ಇಲ್ಲಿ ದೊರೆತುವು.

ಎರಡನೆಯದು ದಕ್ಷಿಣದ ಮೂರನೆಯ ಗುಹೆಯಲ್ಲಿದೆ. ಶಕವರ್ಷ ೫೦೦ರಲ್ಲಿ (ಕ್ರಿ. ಶ. ೫೭೮) ಕೀರ್ತಿವರ್ಮನ ತಮ್ಮನಾದ ಮಂಗಳೇಶನು ಈ ವಿಷ್ಣುಗೃಹವನ್ನು ಮಾಡಿಸಿ, ಅದರ ಪುಣ್ಯಫಲವನ್ನು ಅಣ್ಣನಿಗೆ ಒಪ್ಪಿಸಿದನು. ಆ ಶಾಸನದ ಭಾಷೆ ಸಂಸ್ಕೃತ. ಅಲ್ಲಿಯೇ ಮಂಗಳೇಶನ ದಾನವನ್ನು ಹೇಳುವ ಚಿಕ್ಕ ಕನ್ನಡ ಶಾಸನವೂ ಒಂದಿದ್ದು, ಅದು ಗುಹಾಲಯವನ್ನು ‘ಕಲ್ಮನೆ’ಯೆಂದು ಕರೆಯುವುದು. ಕಲ್ಲಿನ ಮನೆ! ಶಾಸ್ತ್ರದ ಹೆಸರುಗಳನ್ನು ಬಿಟ್ಟು ಜನರು ಆಡುವ ನುಡಿಯಲ್ಲಿ ದೇವರ ಮನೆಯನ್ನು ಹೆಸರಿಸಿದ ಆ ಬರಹವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದು.

ಇಷ್ಟು ಭ್ರಾತೃಭಕ್ತಿಯುಳ್ಳ ಮಂಗಳೇಶನೇ ಅಣ್ಣನ ತರುವಾಯ ತಾನು ಪಟ್ಟವನ್ನೇರಿ, ಮುಂದೆ ಅದನ್ನು ಅಣ್ಣನ ಮಗನಿಗೆ ಬಿಟ್ಟುಕೊಡದೆ ತನ್ನ ಮಗನಿಗೆ ಉಳಿಸಲು ಯತ್ನಿಸಿದನು. ಆ ಯತ್ನದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಐಹೊಳೆಯ ಶಾಸನವು ಹೇಳುವುದು. ಗೆದ್ದವನು ಇಮ್ಮಡಿ ಪುಲಕೇಶಿ. ಉತ್ತರಾಪಥದ ಹರ್ಷವರ್ಧನನನ್ನೇ ತಡೆದು ನಿಲ್ಲಿಸಿದ ಈ ಪರಾಕ್ರಮಿಯ ಕೀರ್ತಿಯನ್ನು ಶಕವರ್ಷ ೫೫೬ರಲ್ಲಿ (ಕ್ರಿ. ಶ. ೬೩೪) ರವಿಕೀರ್ತಿಯು ಐಹೊಳೆಯ ಕಲ್ಲಿನಲ್ಲಿ ನಿಲ್ಲಿಸಿದನು. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, ಸುಮಾರು ೬೪೨ರಲ್ಲಿ, ಕಾಂಚಿಯ ಪಲ್ಲವರಾಜ ನರಸಿಂಹವರ್ಮನು ದಂಡೆತ್ತಿ ಬಂದು ವಾತಾಪಿಯನ್ನು ಹಿಡಿದನು. ಅಜೇಯವೆಂದು ಸಾರಿದ ದುರ್ಗವು ಸರಿಸುಮಾರು ನೂರು ವರ್ಷಗಳಲ್ಲಿ ಸೋತಿತು. ಗೆದ್ದವನು ‘ವಾತಾಪಿಕೊಂಡ’ನೆಂಬ ಬಿರುದನ್ನು ಧರಿಸಿ, ತನ್ನ ಹದಿಮೂರನೆಯ ಆಳ್ವಿಕೆಯ ವರ್ಷದಲ್ಲಿ ಇಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದನು.

ಪುಲಕೇಶಿಯ ಮಗನಾದ ಒಂದನೆಯ ವಿಕ್ರಮಾದಿತ್ಯನು ಸುಮಾರು ೬೫೫ರ ವೇಳೆಗೆ ರಾಜಧಾನಿಯನ್ನು ಮರಳಿ ಪಡೆದನು. ಊರು ಚಾಲುಕ್ಯರದಾದ ಮೇಲೆಯೂ ಪಲ್ಲವರ ಬರಹವು ಉಳಿಯಿತು. ಇಂದು ಅದರ ಅಕ್ಷರಗಳು ಬಹಳಮಟ್ಟಿಗೆ ಅಳಿದಿದ್ದರೂ ಅದು ಇರುವುದು. ಇದಕ್ಕೆ ಉತ್ತರವೆಂಬಂತಹ ಇನ್ನೊಂದು ಶಾಸನವು ಬಾದಾಮಿಯಲ್ಲಿಲ್ಲ, ದೂರದ ಕಾಂಚಿಯಲ್ಲಿದೆ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರನ್ನು ಗೆದ್ದು ಕಾಂಚಿಯನ್ನು ಹೊಕ್ಕಾಗ, ನಗರವನ್ನು ಹಾಳುಮಾಡದೆ, ರಾಜಸಿಂಹೇಶ್ವರ ದೇವಾಲಯದ ಐಶ್ವರ್ಯವನ್ನು ಕಂಡು ಅದನ್ನು ದೇವರಿಗೇ ಹಿಂದಿರುಗಿಸಿದನು. ಕೈಲಾಸನಾಥನೆಂದು ಪ್ರಸಿದ್ಧವಾದ ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಈ ಸಂಗತಿಯು ಕೆತ್ತಲ್ಪಟ್ಟಿದೆ. ಪೂರ್ವಜನ ಸೋಲಿಗೆ ವಂಶಜನು ತೀರಿಸಿದ ಸೇಡು ಇದಾದರೆ, ಇದಕ್ಕಿಂತ ದೊಡ್ಡ ಸೇಡನ್ನು ಕಾಣುವುದು ಕಷ್ಟ. ಆದರೆ ಈ ಔದಾರ್ಯವೂ ರಾಜ್ಯವನ್ನು ಕಾಯಲಿಲ್ಲ. ೭೫೭ರ ಹೊತ್ತಿಗೆ ಅವನ ಮಗ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ ನಾಡು ರಾಷ್ಟ್ರಕೂಟರ ವಶವಾಯಿತು.

ಅರಸರ ಬರಹಗಳು ಇವು. ಇವುಗಳ ನಡುವೆ, ಕೆರೆಯ ಈಶಾನ್ಯದ ಕಡೆಯ ಬಂಡೆಯ ಮೇಲೆ, ಅರಸನಲ್ಲದವನೊಬ್ಬನ ಬರಹವಿದೆ. ಅದು ಕಪ್ಪೆ ಅರಭಟ್ಟನ ಶಾಸನ. ಕಾಲ ಸುಮಾರು ೭೦೦. ಅದರಲ್ಲಿ ಯಾವ ರಾಜನ ಹೆಸರೂ ಇಲ್ಲ, ಭೂದಾನದ ಮಾತೂ ಇಲ್ಲ. ಒಬ್ಬ ವೀರನ ಗುಣವನ್ನು ಅದು ಹೊಗಳುವುದು: ಸಜ್ಜನರಿಗೆ ಅವನು ಸಜ್ಜನ, ಕೆಣಕಿದವರಿಗೆ ಮಾತ್ರ ಬೇರೆಯ ಮನುಷ್ಯ. ಒಂದು ಸಂಸ್ಕೃತ ಶ್ಲೋಕವನ್ನುಳಿದರೆ ಪದ್ಯಗಳೆಲ್ಲ ಕನ್ನಡದ ತ್ರಿಪದಿಗಳು. ಇಂದಿಗೆ ದೊರೆತಿರುವ ತ್ರಿಪದಿಗಳಲ್ಲಿ ಇವೇ ಅತಿ ಹಳೆಯವು. ಅರಭಟ್ಟನು ಯಾರ ಮಗನೋ, ಯಾವ ಕಾಳಗದಲ್ಲಿ ಕಾದಿದನೋ ಶಾಸನವು ತಿಳಿಸದು. ಆದರೆ ಅವನನ್ನು ಹೊಗಳಿದ ಮಟ್ಟು ಬಂಡೆಯ ಮೇಲೆಯೇ ನಿಂತುಹೋಗಲಿಲ್ಲ. ಸರ್ವಜ್ಞನು ವಚನ ನುಡಿದುದು ಅದರಲ್ಲಿ. ತಲೆತಲಾಂತರಗಳಿಂದ ಕನ್ನಡದ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ಹಾಡಿದುದೂ ಅದರಲ್ಲಿಯೇ.

ದುರ್ಗವು ಕಟ್ಟಿದವರ ಕೈಯಲ್ಲಿ ನಿಲ್ಲಲಿಲ್ಲ. ಗೆದ್ದವರ ಕೈಯಲ್ಲಿಯೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಇಂದಿಗೂ ಗುಡ್ಡಗಳ ನೀರು ಅದೇ ಕೆರೆಗೆ ಇಳಿಯುವುದು. ಊರಿನ ಹೆಂಗಸರು ಅದೇ ಕೆರೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವರು. ಅವರ ನಾಲಗೆಯ ಮೇಲಿರುವುದು ‘ಕಲ್ಮನೆ’ಯೆಂದು ಬರೆದವನ ನುಡಿ, ಅರಭಟ್ಟನನ್ನು ಹೊಗಳಿದವನ ನುಡಿ. ವಾತಾಪಿಯಲ್ಲಿ ಜೀರ್ಣವಾಗದೆ ಉಳಿದುದು ಅದು.